ಬೀಗರೇ, ಊಟ ಆಯ್ತಾ?

ಒಂದ್ ಮಾತು ಕೇಳ್ತೀನಿ, ನಾಚ್ಕೊಳ್ದೆ ಹೇಳಿ. ನೀವು ಯಾವತ್ತಾದ್ರೂ ನಿಮ್ಮ ಬೀಗರನ್ನ, ಅದೂ ಮದುವೆಗೆ ಮುಂಚೆ, ಹೇಲು ಅಂತ ಕರ್ದಿದೀರಾ?

ಇಲ್ಲ ಅಲ್ವಾ? ನಾನು ಕರ್ದಿದೀನಿ. ಬಾಯಲ್ಲಲ್ಲ, ಬರವಣಿಗೇಲಿ. ಎರಡೂ ಮನೆಯೋರು ಸೇರ್ಕೊಂಡಿರೋ ವಾಟ್ಸಾಪ್ ಗ್ರೂಪಲ್ಲಿ, ಮಧ್ಯಾಹ್ನದ ಹೊತ್ತು, ಎಲ್ಲಾರೂ ಒಂದ್ ಕೈಲಿ ಅನ್ನ ಕಲಸ್ಕೊಂಡು ಇನ್ನೊಂದ್ ಕೈಲಿ ಫೋನು ನೋಡ್ತಿರೋವಾಗ.

ನಾನು ಬರ್ದಿದ್ದು ಇಷ್ಟೇ: ಬೀಗರೇ, ಊಟ ಆಯ್ತಾ?

ಇದ್ರಲ್ಲಿ ಏನ್ ತಪ್ಪು ಐತೆ ಹೇಳಿ. ನಮ್ಮ ಕಡೆ ಬೀಗರನ್ನ ಕಂಡ್ರೆ ಮೊದ್ಲ ಮಾತು ಊಟದ್ದೇ. ಊಟ ಕೇಳ್ದೆ ಬೇರೆ ಮಾತು ಎತ್ತಿದ್ರೆ ಅದು ಮರ್ಯಾದೆ ಕೆಟ್ಟ ಮನೆ ಅಂತ ಲೆಕ್ಕ. ಮೊಮ್ಮಗಳಿಗೆ ಸಂಬಂಧ ಗೊತ್ತಾಗಿ ಇನ್ನೂ ಹೊಸ್ದು. ಗ್ರೂಪ್ ಮಾಡಿ ನನ್ನನ್ನೂ ಸೇರ್ಸಿದ್ರು. ಎಲ್ಲಾರೂ ಕೈಮುಗಿಯೋ ಗೊಂಬೆ, ಹೂವು, ದೀಪ ಹಾಕ್ತಾ ಇದ್ರು. ನಾನು ಮನೆಗೆ ದೊಡ್ಡೋಳು, ಗೊಂಬೆ ಹಾಕಿ ಕೈತೊಳ್ಕೊಳ್ಳಕ್ಕಾಗತ್ತಾ? ಕನ್ನಡಕ ಹಾಕ್ಕೊಂಡು, ಒಂದೇ ಬೆರಳಲ್ಲಿ ಹುಡುಕಿ ಹುಡುಕಿ ಒತ್ತಿ ಮೊದಲ ಮಾತು ಕಳ್ಸಿದೆ.

ತಪ್ಪು ನಂದಲ್ಲ, ಅಕ್ಷರದ್ದು. ನಾವು ತಿರುಪ್ಪೂರಲ್ಲಿರೋ ಕನ್ನಡದೋರು. ಹೊಸ್ಲು ಒಳಗೆ ಕನ್ನಡ, ಹೊಸ್ಲು ದಾಟಿದ್ರೆ ತಮಿಳು. ನಾನು ಹುಟ್ಟಿದ್ದು ತಾಳವಾಡಿ ಬೆಟ್ಟದ ಮೇಲೆ, ಅಲ್ಲಿ ಐದನೇ ಕ್ಲಾಸ್‌ವರೆಗೆ ಕನ್ನಡ ಇಸ್ಕೂಲಲ್ಲಿ ಓದ್ದೋಳು. ಇಲ್ಲಿ ನನ್ನ ಗಂಡನ ಮನೇಲಿ ಯಾರಿಗೂ ಕನ್ನಡ ಓದಕ್ಕೆ ಬರಲ್ಲ, ಮಾತಷ್ಟೇ. ಅದಕ್ಕೆ ಬರೀಬೇಕಾದ್ರೆ ಕನ್ನಡದ ಮಾತನ್ನ ತಮಿಳು ಅಕ್ಷರದಲ್ಲಿ ಬರೀತೀವಿ. ತಮಿಳಲ್ಲಿ ‘ಬ’ಗೂ ‘ಪ’ಗೂ ಒಂದೇ ಅಕ್ಷರ. ನಾನು ‘ಬೀ’ ಅಂತ ಬರ್ದಿದ್ದನ್ನ ಓದೋರು ‘ಪೀ’ ಅಂತ ಓದಿದ್ರೆ ಕೇಳೋರಿಲ್ಲ. ತಮಿಳಲ್ಲಿ ‘ಪೀ’ ಅಂದ್ರೆ ಏನು ಅಂತ ಬಿಡ್ಸಿ ಹೇಳಲ್ಲ, ಮೇಲೆ ಹೇಳಿದ್ದೇ ಸಾಕು.

ಅಷ್ಟಕ್ಕೆ ನಿಂತ್ಕೊಂಡ್ತಾ? ಇಲ್ಲ. ‘ಆಯ್ತಾ’ ಅಂತ ಬೇರೆ ಬರ್ದಿದ್ನಲ್ಲ. ಇಲ್ಲಿ ಸಣ್ಣ ಮಕ್ಳು ಚಡ್ಡಿ ಹಿಡ್ಕೊಂಡು ‘ಆಯ್, ಆಯ್’ ಅಂತ ಕುಣಿದ್ರೆ ತಾಯಂದ್ರು ಎತ್ಕೊಂಡು ಓಡ್ತಾರೆ. ಅದೇ ಆಯ್. ಹಂಗಾಗಿ ಒಂದೇ ಸಾಲಲ್ಲಿ ಎರಡು ಸಲ ಬಂತು. ನಡುವೆ ಊಟ.

ಹುಡುಗನ ಮನೆಯೋರು ಧಾರಾಪುರದೋರು. ಅವ್ರೂ ನಮ್ಮ ಹಂಗೇ ಕನ್ನಡದೋರೇ. ಹೊಲ ಐತೆ, ಕೊಬ್ಬರಿ ವ್ಯಾಪಾರ ಐತೆ. ಆದ್ರೆ ಅವ್ರ ಮನೇಲಿ ಕನ್ನಡ ಮುದುಕ್ರ ಬಾಯಲ್ಲಿ ಮಾತ್ರ ಉಳ್ಕೊಂಡೈತೆ, ಹುಡುಗ್ರೆಲ್ಲಾ ತಮಿಳೇ. ನನ್ನ ಮೆಸೇಜು ಮೊದ್ಲು ನೋಡಿದ್ದೂ ಆ ಹುಡುಗ್ರೇ. ಒಬ್ಬ ನಕ್ಕು ನಕ್ಕು ಉರುಳೋ ಗೊಂಬೆ ಹಾಕ್ದ. ಇನ್ನೊಬ್ಬ ಮೂಗು ಮುಚ್ಕೊಂಡಿರೋ ಗೊಂಬೆ ಹಾಕ್ದ. ದೊಡ್ಡೋರು ಹೂವು, ದೀಪ ಹಾಕೋದು ನಿಲ್ಲಿಸ್ಬಿಟ್ರು. ಅವ್ರಲ್ಲಿ ಒಬ್ರಾದ್ರೂ ಬಾಯ್ಬಿಟ್ಟು ಓದಿದ್ರೆ ಕಿವಿಗೆ ಕನ್ನಡ ಅಂತ ಗೊತ್ತಾಗ್ತಿತ್ತು. ಕಣ್ಣಲ್ಲೇ ಓದಿ ಕಣ್ಣಲ್ಲೇ ಕೋಪ ಮಾಡ್ಕೊಂಡ್ರು.

ನನ್ನ ಮಗ ಕೆಳಗಿಂದ ದಡದಡ ಮೆಟ್ಲು ಹತ್ಕೊಂಡು ಬಂದ. ಕೆಳಗೆ ನಮ್ದು ಸಣ್ಣ ಬನಿಯನ್ ಕಂಪನಿ, ದೊಡ್ಡೋರ ಹತ್ರ ಬಟ್ಟೆ ತಂದು ಹೊಲ್ದು ಕೊಡೋದು. ಮೇಲೆ ಮನೆ.

"ಅಮ್ಮಾ! ಏನಮ್ಮಾ ಇದು ಅಸಿಂಗ, ಥೂ, ಗಲೀಜು?"

"ಊಟ ಕೇಳಿದ್ದು ಅಸಿಂಗಾನಾ?"

"ನೀ ಊಟ ಕೇಳಿದ್ದು ನಂಗೆ ಗೊತ್ತು. ಅವ್ರಿಗೆ ಗೊತ್ತಾಗ್ಬೇಕಲ್ಲ!"

"ಗೊತ್ತಾಗೋ ಹಂಗೆ ನೀನ್ ಹೇಳು. ನಿನ್ ಬಾಯಿಗೇನು ನೂಲು ಸಿಕ್ಕೊಂಡೈತಾ?"

"ಬೀಗರ ಮುಂದೆ ಕೂತು ಪೀ ಬೇರೆ, ಬೀ ಬೇರೆ ಅಂತ ಪಾಠ ಮಾಡ್ಲಾ? ಕೊಡಿಲ್ಲಿ ಫೋನು."

ಕಿತ್ಕೊಂಡ. ಏನೇನೋ ಒತ್ದ. ವಾಪಸ್ ಕೊಟ್ಟಾಗ ಫೋನ್ ಇತ್ತು, ವಾಟ್ಸಾಪ್‌ಗೆ ಬೀಗ ಬಿದ್ದಿತ್ತು. ನಂಬರ್ ಹಾಕಿದ್ರೇ ತೆರ್ಯೋದಂತೆ. ನಂಬರ್ ಅವನ ಹತ್ರ. "ಫೋನ್ ಬಂದ್ರೆ ಎತ್ತು, ಅಷ್ಟೇ. ಬರ್ಯೋದು ಗಿರ್ಯೋದು ಬೇಡ" ಅಂದ. ಬೀಗರಿಗೆ ಬರ್ದಿದ್ದಕ್ಕೆ ಬೀಗ ಜಡ್ದ ಮಗ ಇಡೀ ಜಿಲ್ಲೇಲಿ ನನ್ನೊಬ್ಬಳಿಗೇ ಹುಟ್ಟಿರೋದು.

ನಂಗೆ ಬಂದ ಕೋಪ ಅವತ್ತಿಂದಲ್ಲ, ತುಂಬಾ ವರ್ಷದ್ದು. ನಾನೂ ನನ್ನ ಯಜಮಾನ್ರೂ ಈ ಕಂಪನಿ ಶುರು ಮಾಡಿದಾಗ ಮುಂದಿನ ಕೋಣೇಲಿ ಎರಡು ಹೊಲಿಗೆ ಮೆಷಿನ್ ಇದ್ವು. ಆಮೇಲೆ ಬಟ್ಟೆ ಅಂಚು ಕಟ್ಟೋ ಓವರ್‌ಲಾಕ್ ಮೆಷಿನ್ ಬಂತು. ಅದರ ಹೊಟ್ಟೆ ಬಿಚ್ಚಿ, ಸಿಕ್ಕೊಂಡಿರೋ ಹತ್ತಿ ಧೂಳನ್ನ ಬ್ರಷ್ಷಲ್ಲಿ ಕೆರ್ದು, ಎಣ್ಣೆ ಬಿಟ್ಟು, ನಾಲ್ಕೂ ನೂಲು ಮತ್ತೆ ಪೋಣ್ಸಿ ನಾನೇ ಕೂರಿಸ್ತಿದ್ದೆ. ಸದ್ದು ಕೇಳಿದ್ರೇ ಸೂಜಿ ಬಾಗೈತೆ ಅಂತ ಗೊತ್ತಾಗ್ತಿತ್ತು. ಮೆಷಿನ್‌ಗೂ ನಂಗೂ ನಡುವೆ ಯಾರೂ ಇರ್ಲಿಲ್ಲ. ಕಂಪ್ಯೂಟರ್ ಬಂದ ದಿನ ನಡುವೆ ಮಗ ಬಂದು ನಿಂತ.

ಅದಕ್ಕೊಂದು ಕೋಣೆ, ಕೋಣೆಗೆ ಏಸಿ, ಅದರ ಮೈಮೇಲೆ ಬಟ್ಟೆ. ನಾನು ಆ ಬಟ್ಟೆ ಒಗ್ದು ಒಣ್ಗ್ಸಿ ತರ್ಬೌದು, ಹೊದ್ದಿಸ್ಬೌದು, ಒಳಗಿರೋದನ್ನ ಮುಟ್ಟಂಗಿಲ್ಲ. ಆಮೇಲೆ ಇನ್ವರ್ಟರ್ ಬಂತು, ಸಿಸಿಟಿವಿ ಬಂತು, ಲೇಬಲ್ ಹೊಡ್ಯೋ ಪ್ರಿಂಟರ್ ಬಂತು, ವೈಫೈ ಡಬ್ಬಿ ಬಂತು. ಒಂದೊಂದು ಬಂದಾಗ್ಲೂ ನಂಗೆ ಒಂದೊಂದ್ ಜಾಗ ಕಮ್ಮಿ ಆಯ್ತು. ಯಾವುದು ಕೆಟ್ರೂ ಈ ಮನೇಲಿ ಮೊದ್ಲು ಕೇಳೋ ಮಾತು ಒಂದೇ: "ಅಮ್ಮ ಏನಾದ್ರೂ ಮುಟ್ಟಿದ್ರಾ?" ಒಂದ್ಸಲ ವೈಫೈ ನಿಂತೋಯ್ತು. ನಾನು ಡಬ್ಬಿ ಮೇಲಿನ ಧೂಳು ಒರ್ಸಿದ್ದೆ. ಸಾಯಂಕಾಲದ ತನಕ ನನ್ನ ಧೂಳು ಬಟ್ಟೆಗೆ ವಿಚಾರಣೆ ಆಯ್ತು. ಕೊನೆಗೆ ನೋಡಿದ್ರೆ ಇವನೇ ಆ ತಿಂಗ್ಳು ದುಡ್ಡು ಕಟ್ಟೋದು ಮರ್ತಿದ್ದ. ತಪ್ಪಾಯ್ತು ಅಂತ ಒಂದ್ ಮಾತಿಲ್ಲ. "ಪರವಾಯಿಲ್ಲೆ, ಬಂತಲ್ಲ" ಅಂದ.

ಆದ್ರಿಂದ ಆ ಬೀಗ ಮುರ್ಯೋದು ಅಂತ ತೀರ್ಮಾನ ಮಾಡ್ಕೊಂಡೆ.

ಮುರ್ಯೋದೇನೂ ಕಷ್ಟ ಆಗ್ಲಿಲ್ಲ. ನನ್ನ ಮಗಂಗೆ ಯಾವ ನಂಬರೂ ನೆನಪಿರಲ್ಲ. ಅದಕ್ಕೆ ಆಫೀಸ್ ಕಂಪ್ಯೂಟರ್‌ಗೂ, ಸಿಸಿಟಿವಿಗೂ, ಬೀರುಗೂ ತನ್ನ ಸ್ಕೂಟರ್ ನಂಬರೇ ಇಟ್ಟವ್ನೆ. ಅದನ್ನೂ ದಿನಾ ಬೆಳಿಗ್ಗೆ ಬಾಯಲ್ಲಿ ಹೇಳ್ಕೊಂಡೇ ಒತ್ತೋದು, ಜಪ ಮಾಡ್ದಂಗೆ. ನಾನು ಕಾಫಿ ತಂದಿಟ್ಟು ಕೇಳಿಸ್ಕೊಂಡು ಹೋಗೋದು. ಸ್ಕೂಟರ್ ನಂಬರ್ ಒತ್ತಿದೆ, ತೆರ್ಕೊಂಡ್ತು. ಗ್ರೂಪಿಗೆ ಹೋದ್ರೆ ಅಲ್ಲಿ ಕೆಳಗೆ ಸಣ್ಣಕ್ಷರದಲ್ಲಿ, ನೀವೀಗ ಈ ಗುಂಪಲ್ಲಿ ಇಲ್ಲ ಅಂತಿತ್ತು. ಬೀಗ ಹಾಕಿದ್ದಷ್ಟೇ ಅಲ್ಲ, ಮನೆಯಿಂದಾನೂ ಆಚೆ ಹಾಕ್ಬಿಟ್ಟಿದ್ದ.

ಆಚೆ ಇದ್ದೋಳು ಸುಮ್ನೆ ಕೂರಕ್ಕಾಗತ್ತಾ? ಫೋನ್ ಒಳಗೆಲ್ಲಾ ಓಡಾಡಿದೆ. ಚಕ್ರದ ಗುರ್ತು ಒತ್ತಿದೆ, ಅದರೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು. ಒಂದ್ ಸಲ ಅಕ್ಷರ ಎಲ್ಲಾ ಇರುವೆ ಥರ ಆಗೋಯ್ತು. ಇನ್ನೊಂದ್ ಸಲ ಫೋನು ತಾನೇ ಮಾತಾಡಕ್ಕೆ ಶುರು ಮಾಡ್ತು, ನಾನು ಮುಟ್ಟಿದ್ದೆಲ್ಲಾ ಇಂಗ್ಲಿಷಲ್ಲಿ ಓದಿ ಓದಿ ಹೇಳ್ತು. ದಿಂಬಿನ ಕೆಳಗಿಟ್ಟು ಅದರ ಮೇಲೆ ಕೂತ್ಕೊಂಡೆ, ಸೊಸೆಗೆ ಕೇಳಿಸ್ಬಾರ್ದಲ್ಲ. ಹಿಂಗೇ ಕೆದಕ್ತಾ ಕೆದಕ್ತಾ ಭಾಷೆಗಳ ಸಾಲು ಸಿಕ್ತು. ಅದ್ರಲ್ಲಿ ‘ಕನ್ನಡ’ ಅಂತ ಕನ್ನಡದಲ್ಲೇ ಬರ್ದಿತ್ತು. ಒತ್ತಿದೆ.

ಏನ್ ಹೇಳ್ಲಿ. ಸ್ಲೇಟಿನ ಮೇಲೆ ಬಿಟ್ಟು ಬಂದ ಅಕ್ಷರಗಳೆಲ್ಲಾ ಸಾಲಾಗಿ ನಿಂತಿದ್ವು. ‘ಪ’ ಒಂದ್ ಕಡೆ, ‘ಬ’ ಒಂದ್ ಕಡೆ. ಬೇರೆ ಬೇರೆ! ನಂಗೆ ಅಳು ಬಂತು ಅಂತ ಅಂದ್ಕೋಬೇಡಿ, ಸಿಟ್ಟೇ ಬಂತು. ಇಷ್ಟು ಅನುಕೂಲ ಫೋನ್ ಹೊಟ್ಟೆ ಒಳಗೇ ಇಟ್ಕೊಂಡು, ನಂಗೆ ತಮಿಳಕ್ಷರ ಕೊಟ್ಟು ಹೇಲು ತುಳಿಸಿದ್ರಲ್ಲ ಅಂತ.

ಒತ್ತಕ್ಷರ ಬಹಳ ಕಾಡ್ಸ್ತು. ‘ಅಜ್ಜಿ’ ಅಂತ ಹೊಡ್ಯಕ್ಕೆ ಹೋದ್ರೆ ‘ಅಜಜಿ’ ಆಗೋದು. ಒಂದು ಸಣ್ಣ ಕೊಕ್ಕೆ ಗುರ್ತು ಐತೆ, ಅದನ್ನ ಎರಡು ಅಕ್ಷರದ ನಡುವೆ ಒತ್ತಿದ್ರೆ ಕೆಳಗಿನದು ಹೋಗಿ ಮೇಲಿಂದಕ್ಕೆ ಜೋತ್ಕೊಳ್ಳತ್ತೆ ಅಂತ ಕಂಡ್ಕೊಳ್ಳೋ ಹೊತ್ತಿಗೆ ಬೆರಳು ನೋವು. ಕೆಳಗೆ ಕಂಪನೀಲಿ ಚೆಕಿಂಗ್ ಕೆಲ್ಸಕ್ಕೆ ಕೊಳ್ಳೇಗಾಲದ ಕಡೆಯೋಳು ಒಬ್ಳು ಅವ್ಳೆ, ಹೊಲ್ದ ಬನಿಯನ್ ತಿರುಗ್ಸಿ ಮುರುಗ್ಸಿ ತೂತು ಹುಡ್ಕೋದು ಅವ್ಳ ಕೆಲ್ಸ. ಈ ಕಟ್ಟಡದಲ್ಲಿ ಕನ್ನಡ ಓದಕ್ಕೆ ಬರೋದು ಅವ್ಳೊಬ್ಬಳಿಗೇ. ಅವ್ಳಿಗೆ ನಾಲ್ಕು ಸಾಲು ಬರ್ದು ತೋರಿಸ್ದೆ. ಬನಿಯನ್ ನೋಡಿದಂಗೇ ತಿರುಗ್ಸಿ ನೋಡಿದ್ಲು.

"ಅಜ್ಜಿ, ಇದು ಕನ್ನಡ ಅಲ್ಲ. ತಮಿಳಿಗೆ ಕನ್ನಡ ಸೀರೆ ಉಡ್ಸಿದೀರ."

"ಉಡ್ಸಿದ್ದೀನಲ್ಲ, ಅದೇ ದೊಡ್ಡದು. ಇಲ್ಲಿ ಮಿಕ್ಕೋರೆಲ್ಲಾ ಬಿಚ್ಕೊಂಡೇ ನಿಂತವ್ರೆ" ಅಂದೆ.

ಇಷ್ಟೊತ್ತಿಗೆ ಕೋಪ ಸ್ವಲ್ಪ ತಣ್ಣಗಾಗಿತ್ತು, ನಿಜ ಹೇಳ್ಬೇಕಂದ್ರೆ. ಬರ್ಯೋ ಖುಷೀಲಿ ಮರ್ತೇ ಬಿಡ್ತಿದ್ನೋ ಏನೋ. ಒಂದಿನ ಮಧ್ಯಾಹ್ನ ಮಗ ಬಟ್ಟೆ ತರಕ್ಕೆ ಹೋಗಿದ್ದ, ಸೊಸೆ ಅವ್ಳಮ್ಮನ ಮನೆಗೆ ಹೋಗಿದ್ಲು. ಕಂಪ್ಯೂಟರ್ ಮೇಲಿನ ಬಟ್ಟೆ ಒಗ್ಯಕ್ಕೆ ಎತ್ತಿದೆ. ಒಳಗೆ ಬೆಳಕು. ಆರ್ಸ್ದೆ ಹೋಗವ್ನೆ. ತೆರೆ ಮೇಲೆ ಅವನ ವಾಟ್ಸಾಪ್ ಪೂರ್ತಿ ತೆರ್ಕೊಂಡು ಬಿದ್ದೈತೆ. ಫೋನಲ್ಲಿರೋದು ಕಂಪ್ಯೂಟರಲ್ಲೂ ಕಾಣತ್ತೆ ಅಂತ ನಂಗೆ ಗೊತ್ತಾಗಿದ್ದೇ ಆಗ. ನನ್ನ ಫೋನಿಗೆ ಬೀಗ ಹಾಕ್ದೋನು ತನ್ನ ಬಾಗ್ಲನ್ನ ಪೂರಾ ತೆಗ್ದಿಟ್ಟು ಹೋಗಿದ್ದ.

ಮದುವೆ ಗ್ರೂಪು ಮೇಲೇ ಇತ್ತು. ಇಲಿಯಂತ ಆ ಗುಂಡ್ಗಿರೋದನ್ನ ಹಿಡ್ಕೊಂಡು ಚಕ್ರ ತಿರುಗ್ಸಿ ಮೇಲಕ್ಕೆ ಹೋದೆ. ನನ್ನ ಮೆಸೇಜು ಸಿಕ್ತು. ಅದರ ಕೆಳಗೆ ಹುಡುಗ್ರ ಗೊಂಬೆ. ಅದರ ಕೆಳಗೆ ನನ್ನ ಮಗ ತಮಿಳಲ್ಲಿ ಬರ್ದಿದ್ದ. ನಿಮ್ಗೋಸ್ಕರ ಕನ್ನಡದಲ್ಲಿ ಹೇಳ್ತೀನಿ, ಮರ್ಯಾದೆಗೆ ಹಚ್ಚೋ ‘ಈಂಗ’ ಮಾತ್ರ ಅವನದೇ:

"ತಪ್ಪು ತಿಳ್ಕೋಬೇಡೀಂಗ. ಅಮ್ಮಂಗೆ ವಯಸ್ಸಾಯ್ತು. ಮೂಳೆ ಮೊದಲಿನಂಗಿಲ್ಲ, ಮರೆವು ಜಾಸ್ತಿ. ಏನ್ ಬರೀತಾರೆ ಅಂತ ಅವ್ರಿಗೇ ಗೊತ್ತಾಗಲ್ಲ."

ತಮಿಳಲ್ಲಿ ಮಿದುಳಿಗೆ ಮೂಳೈ ಅಂತಾರೆ. ನಾವು ಮನೇಲಿ ಮೂಳೆ ಅಂತೀವಿ. ನನ್ನ ಮೂಳೆ ಕೆಟ್ಟೋಗೈತಂತೆ. ಅದಕ್ಕೆ ಧಾರಾಪುರದೋರೆಲ್ಲಾ ಕೈಮುಗ್ದು, ಅಯ್ಯೋ ಪಾಪ, ನಮ್ಮ ಅಜ್ಜಿ ಥರಾನೇ ನೋಡ್ಕೋತೀವಿ ಅಂತ ಬರ್ದವ್ರೆ. ಒಬ್ರು ಕೊಯಮತ್ತೂರಲ್ಲಿ ಇಂಥಾದ್ದಕ್ಕೇ ಒಬ್ಬ ಡಾಕ್ಟ್ರು ಇದಾರೆ, ಬೇಕಾದ್ರೆ ಹೇಳಿ ಅಂದವ್ರೆ. ಅದಕ್ಕೆ ನನ್ನ ಮಗ "ಖಂಡಿತ ತೋರಿಸ್ತೀನೀಂಗ" ಅಂದವ್ನೆ!

ನಂಗೆ ಬೇರೆ ಏನ್ ಬೇಕಾದ್ರೂ ಅನ್ನಿ. ಬಾಯಿ ಜಾಸ್ತಿ ಅನ್ನಿ, ಜಗಳಗಂಟಿ ಅನ್ನಿ. ಬುದ್ಧಿ ಇಲ್ಲ ಅಂದ್ರೆ ಮುಗೀತು. ನಾಳೆ ಮದುವೇಲಿ ನಾನು ಏನ್ ಮಾತಾಡಿದ್ರೂ ಆ ಬೀಗರು ನಕ್ಕು ತಲೆ ಆಡಿಸ್ತಾರೆ. ನಾನು ಬೇಡ ಅಂದ್ರೂ ಬೇಡ ಅಲ್ಲ, ಬೇಕು ಅಂದ್ರೂ ಬೇಕು ಅಲ್ಲ. ಮೊಮ್ಮಗಳು ಆ ಮನೆಗೆ ಹೋದ್ಮೇಲೆ, ಪೈತ್ಯ, ಹುಚ್ಚು ಇರೋ ಮನೆಯಿಂದ ಬಂದೋಳು ಅಂತ ಅವ್ಳ ಬೆನ್ನಿಗೂ ಒಂದು ಲೇಬಲ್. ಆ ಲೇಬಲ್ ಹೊಡ್ದೋನು ನನ್ನ ಹೊಟ್ಟೇಲಿ ಹುಟ್ಟಿದೋನು. ಯಾತಕ್ಕೆ? ಒಂದು ಅಕ್ಷರ ವಿವರ್ಸಕ್ಕೆ ನಾಚ್ಕೆ ಆಯ್ತು ಅಂತ.

ಅಲ್ಲೇ ಬರ್ಯೋಣ ಅಂದ್ರೆ ಆ ಕಂಪ್ಯೂಟರ್ ಅಕ್ಷರದ ಮಣೇಲಿ ಕನ್ನಡ ಇಲ್ಲ. ನನ್ನ ಫೋನಲ್ಲಿ ಕನ್ನಡ ಐತೆ, ಗ್ರೂಪ್ ಇಲ್ಲ. ಕುರ್ಚಿ ಮೇಲೆ ಕೂತು ಯೋಚ್ನೆ ಮಾಡಿದೆ. ಬೆಳಗಾದ್ರೆ ಹೂವಿನ ಚಿತ್ರ ಅವ್ರಿಂದ ಇವ್ರಿಗೆ, ಇವ್ರಿಂದ ಅವ್ರಿಗೆ ದಾಟ್ಸೋ ಕೆಲ್ಸ ನಂಗೆ ಚೆನ್ನಾಗಿ ಗೊತ್ತಿತ್ತಲ್ಲ. ನನ್ನ ಫೋನಲ್ಲಿ ಕನ್ನಡದಲ್ಲಿ ಬರ್ದು ಮಗನಿಗೇ ಕಳ್ಸಿದೆ. ಟಣ್ ಅಂತ ಕಂಪ್ಯೂಟರಲ್ಲಿ ಬಂದು ಬಿತ್ತು. ಅದರ ಪಕ್ಕದ ಬಾಣದ ಗುರ್ತು ಒತ್ತಿ, ಗ್ರೂಪಿಗೆ ದಾಟಿಸ್ಬಿಟ್ಟೆ. ಮಗನ ಹೆಸ್ರಲ್ಲೇ ಹೋಯ್ತು. ಚೆಕಿಂಗ್‌ನೋಳಿಗೆ ಮಾತ್ರ ತೋರಿಸ್ಲಿಲ್ಲ, ಮನೆ ವಿಷ್ಯ ಅಲ್ವಾ. ಬರ್ದಿದ್ದು ಇದು:

"ಬೀಗರೇ, ನಾನು ಹುಡುಗಿ ಅಜ್ಜಿ. ನನ್ನ ಮೂಳೆ ಚೆನ್ನಾಗೈತೆ. ಅವತ್ತು ಕೇಳಿದ್ದು ಊಟ ಆಯ್ತಾ ಅಂತ, ಬೇರೆ ಏನೂ ಇಲ್ಲ."

ಒಂದೊಂದ್ ಒತ್ತಕ್ಷರಾನೂ ಸರಿಯಾಗಿ ಕೂತಿತ್ತು. ‘ಬ’ ಬ ಆಗೇ ಇತ್ತು. ಬಟ್ಟೆ ಹೊದ್ಸಿ ಮೇಲೆ ಬಂದು ಒಂದ್ ಲೋಟ ಮಜ್ಜಿಗೆ ಕುಡ್ದೆ. ಬಹಳ ರುಚಿಯಾಗಿತ್ತು.

ಆಮೇಲೆ ಆಗಿದ್ದನ್ನ ನಂಗೆ ಹೇಳಿದ್ದು ಮೊಮ್ಮಗಳು. ಅವ್ಳು ಕೊಯಮತ್ತೂರಿನ ಪೀಳಮೇಡಲ್ಲಿ ಕಂಪ್ಯೂಟರ್ ಕಂಪನೀಲಿ ಕೆಲ್ಸ ಮಾಡ್ತಾಳೆ, ಅಲ್ಲೇ ಹಾಸ್ಟೆಲಲ್ಲಿರ್ತಾಳೆ. ಸಾಯಂಕಾಲ ಫೋನ್ ಮಾಡಿದ್ಲು. ನಗ್ತಾ ಅವ್ಳೋ ಅಳ್ತಾ ಅವ್ಳೋ ಗೊತ್ತಾಗ್ಲಿಲ್ಲ.

"ಅವ್ವಾ, ಅಪ್ಪನ ಫೋನಿಂದ ಗ್ರೂಪಿಗೆ ಜಾಂಗಿರಿ ಸುತ್ತಿದ್ದು ನೀನೇ ತಾನೇ?"

"ಯಾವ ಜಾಂಗಿರಿ?"

"ಅವ್ರೆಲ್ಲಾ ಹಂಗಂತಾವ್ರೆ. ಇದೇನು ಜಾಂಗಿರಿ ಮಿಠಾಯಿ ಥರ ಸುತ್ತಿರೋ ಅಕ್ಷರ, ಇದು ತೆಲುಗಾ, ಸಂಬಂಧಿ ಯಾಕೆ ತೆಲುಗಲ್ಲಿ ಬರ್ದವ್ರೆ ಅಂತ."

ಒಬ್ರಿಗೂ ಓದಕ್ಕೆ ಬರ್ಲಿಲ್ಲ! ಕನ್ನಡದೋರ ಮನೆ, ಕನ್ನಡ ಕಂಡ್ರೆ ತೆಲುಗು. ಅಲ್ಲಿಗೆ ಬಿಟ್ಟಿದ್ರೆ ವಾಸಿ ಇತ್ತು. ಮದುವೆ ಹುಡುಗ ಜಾಣ. ಫೋನಲ್ಲಿ ಭಾಷೆ ತಿರುಗ್ಸೋ ಯಂತ್ರ ಇರತ್ತಲ್ಲ, ಅದಕ್ಕೆ ನನ್ನ ಅಕ್ಷರ ತಿನ್ನಿಸಿ ತಮಿಳು ಮಾಡ್ಸಿ, ಎಲ್ಲಾರ್ಗೂ ಅರ್ಥ ಆಗ್ಲಿ ಅಂತ ಗ್ರೂಪಲ್ಲಿ ಹಾಕ್ಬಿಟ್ಟ. ಬೀಗರು ಅಂದ್ರೆ ತಮಿಳಿನ ಸಂಬಂಧಿ ಅಂತ ಆ ಯಂತ್ರಕ್ಕೆ ಗೊತ್ತಿಲ್ಲ, ಅದಕ್ಕೆ ಗೊತ್ತಿರೋದು ಬಾಗ್ಲಿಗೆ ಹಾಕೋ ಬೀಗ. ಮೂಳೆ ಅಂದ್ರೆ ನಂಗೆ ತಲೆ ಒಳಗಿರೋದು, ಅದಕ್ಕೆ ಮೈ ಒಳಗಿರೋ ಎಲುಬು. ಅದು ಮಾಡ್ಕೊಟ್ಟಿದ್ದನ್ನ ಮೊಮ್ಮಗಳು ಓದಿ ಹೇಳಿದ್ಲು:

"ಬೀಗಗಳೇ! ನಾನು ಹುಡುಗಿ, ಅಜ್ಜಿ. ನನ್ನ ಎಲುಬು ಚೆನ್ನಾಗಿದೆ. ಊಟ ಮುಗಿದುಹೋಯಿತು. ಬೇರೆ ಏನೂ ಇಲ್ಲ."

ಬಾಗ್ಲಲ್ಲಿ ನಿಂತ ಬೀಗರಿಗೆ ಊಟ ಇಲ್ಲ ಹೋಗ್ರಪ್ಪ ಅಂದಂಗಾಯ್ತು. ಇದಕ್ಕಿಂತ ಹೇಲೇ ವಾಸಿಯಿತ್ತು.

ಮಗ ಮನೆಗೆ ಬಂದೋನು ಚಪ್ಲಿ ಕೂಡ ಬಿಡ್ಲಿಲ್ಲ.

"ಅಮ್ಮಾ, ಆಫೀಸ್ ಕಂಪ್ಯೂಟರ್ ಮುಟ್ಟಿದ್ಯಾ?"

"ಮುಟ್ಟಿದೆ. ಬುದ್ಧಿ ಇಲ್ದೋಳು, ಏನ್ ಮುಟ್ತೀನಿ ಅಂತ ನಂಗೇ ಗೊತ್ತಾಗಲ್ಲ ನೋಡು."

ಅವನ ಮುಖ ಸುಣ್ಣ ಆಗೋಯ್ತು. ನಾನು ಓದಿದೀನಿ ಅಂತ ಗೊತ್ತಾಯ್ತು. ಸೊಸೆ ಅಡುಗೆಮನೆ ಬಾಗ್ಲಲ್ಲಿ ಸೆರಗು ಬಾಯಿಗೆ ಒತ್ಕೊಂಡು ಆಕಡೆ ತಿರುಗಿದ್ಲು. ನ್ಯಾಯ ಅನ್ಯಾಯ ಅವ್ಳಿಗೆ ಗೊತ್ತು, ನಗು ತಡ್ಯಕ್ಕೆ ಬರಲ್ಲ ಅಷ್ಟೇ.

"ಒಂದ್ ಮಾತಿಗೆ ಹೇಳ್ದೆ ಅಮ್ಮಾ. ವಯಸ್ಸಾಗೈತೆ ಅಂದ್ರೆ ಯಾರೂ ಮುಂದಕ್ಕೆ ಕೇಳಲ್ಲ. ಅಲ್ಲಿಗೆ ಮುಗೀತಿತ್ತು."

"ಯಾರ್ದು ಮುಗೀತಿತ್ತು? ನಂದು ತಾನೇ?"

"ಬಿಡಮ್ಮಾ. ಜವಳಿ ತೆಗ್ಯೋ ದಿನ ನೀ ಮನೇಲಿರು. ಎಲ್ಲಾ ತಣ್ಣಗಾದ್ಮೇಲೆ ನಾನೇ ನಿಧಾನಕ್ಕೆ ಹೇಳ್ತೀನಿ."

ನಮ್ಮ ಕಡೆ ಮದುವೆ ಜವಳಿ ಎರಡು ಮನೆಯೋರೂ ಕೂಡೇ ಹೋಗಿ ತೆಗ್ಯೋದು. ಮನೆಗೆ ದೊಡ್ಡೋಳು ಕೈ ಇಟ್ಟು ಮೊದ್ಲ ಸೀರೆ ಎತ್ತಬೇಕು. ಅಲ್ಲಿಗೆ ನಾನು ಬೇಡ್ವಂತೆ. ಅನ್ನ ಬಿಟ್ಟೆ ಅಂತ ಹೇಳಿದ್ರೆ ಸುಳ್ಳಾಗತ್ತೆ, ಚೆನ್ನಾಗೇ ಉಂಡೆ, ಆದ್ರೆ ಆ ಮಗನ ಹತ್ರ ಮಾತು ಬಿಟ್ಟೆ. ಅವನು ಮಾತ್ರೆ ತಗೊಂಡ್ಯಾ ಅಂದ್ರೆ ಗೋಡೆಗೆ ಉತ್ರ ಹೇಳ್ತಿದ್ದೆ. ಶನಿವಾರ ಮೊಮ್ಮಗಳು ಬಂದ್ಳು. ಬ್ಯಾಗು ಇಳ್ಸಕ್ಕೆ ಮುಂಚೇನೇ ಅವಳಪ್ಪಂಗೆ ಹೇಳಿದ್ಲು.

"ಅವ್ವನ್ನ ಕರ್ಕೊಂಡ್ಹೋಗಲ್ಲ ಅಂದ್ರೆ ನಂಗೂ ಸೀರೆ ಬೇಡ. ಚೂಡಿದಾರಲ್ಲೇ ತಾಳಿ ಕಟ್ಟಿಸ್ಕೋತೀನಿ."

"ಅಲ್ಲಿ ಬಂದು ಜಗಳ ಮಾಡ್ತಾರಮ್ಮಾ ಅವ್ರು."

"ಮಾಡ್ಲಿ. ಸುಳ್ಳು ಹೇಳಿದ್ದು ನೀವು ತಾನೇ?"

ಕಾರಲ್ಲಿ ನಂಗೆ ಕಿಟಕಿ ಪಕ್ಕ ಜಾಗ ಕೊಟ್ರು. ಕೊಯಮತ್ತೂರಿನ ಜವಳಿ ಅಂಗಡಿ, ಅದಕ್ಕೆ ಲಿಫ್ಟು, ಲಿಫ್ಟಲ್ಲಿ ಕನ್ನಡಿ. ಬಾಗ್ಲು ತೆರ್ದ ತಕ್ಷಣ ಧಾರಾಪುರದೋರು ನಾಲ್ಕು ಜನ ನನ್ನ ಮೊಣಕೈ ಹಿಡ್ಕೊಂಡ್ರು, ಗಾಜಿನ ಲೋಟ ಹಿಡ್ದಂಗೆ. ಎಲ್ಲಾರೂ ನನ್ನ ಜೊತೆ ನಿಧಾನಕ್ಕೆ, ಜೋರಾಗಿ ಮಾತಾಡ್ತಾವ್ರೆ. ಹುಡುಗನ ಚಿಕ್ಕಮ್ಮ ಬಗ್ಗಿ, ಮಗೂನ ಕೇಳ್ದಂಗೆ ಕೇಳಿದ್ಲು: "ಪಾಟಿ, ಅಜ್ಜೀ, ನಾನ್ ಯಾರು ಗೊತ್ತಾಗತ್ತಾ?"

"ಗೊತ್ತಾಗಲ್ಲ ನನ್ ಕಣ್ಣೇ. ನಿಂಗೆ ಗೊತ್ತಿದ್ರೆ ನೀನೇ ಹೇಳ್ಬಿಡು" ಅಂದೆ.

ಅವ್ಳು ತಿರುಗಿ ಬೇರೆಯೋರ್ಗೆ ಕಣ್ಣಲ್ಲೇ ‘ಪಾಪ’ ಅಂದ್ಲು. ನಾನು ನೋಡಿದೆ. ಮೈಯೆಲ್ಲಾ ಉರೀತು.

ಮೇಲಿನ ಮಹಡೀಲಿ ಬಿಳಿ ಹಾಸಿನ ಮೇಲೆ ರೇಷ್ಮೆ ಸೀರೆ ಬಿಚ್ಚಿ ಬಿಚ್ಚಿ ಹಾಕ್ತಿದ್ರು. ನಡುವೆ ಹುಡುಗನ ಅಜ್ಜಿ ಕೂತಿದ್ಲು. ನನ್ನ ವಯಸ್ಸಿನೋಳೇ. ಮೂಗ್ನಲ್ಲಿ ಎರಡೂ ಕಡೆ ಬೊಟ್ಟು, ಸಣ್ಣ ದೇಹ, ದೊಡ್ಡ ಕಣ್ಣು. ಅವ್ಳಿಗೆ ಯಾವ ಅಕ್ಷರಾನೂ ಓದಕ್ಕೆ ಬರಲ್ವಂತೆ, ಹುಡುಗ್ರು ಹೇಳಿದ್ದಷ್ಟೇ ಗೊತ್ತು. ನನ್ನ ಕಡೆ ಒಂದ್ಸಲ ನೋಡಿ, ಸೀರೆ ಅಂಚು ನೋಡಕ್ಕೆ ಶುರು ಮಾಡಿದ್ಲು. ಬಾ ಅಂತ್ಲೂ ಅನ್ಲಿಲ್ಲ. ತುಟಿ ಬಿಗ್ಯಾಗಿ ಹಿಡ್ಕೊಂಡಿದ್ಲು.

ನಂಗೆ ಇನ್ನು ತಡ್ಯಕ್ಕಾಗ್ಲಿಲ್ಲ. ಅವ್ಳೆದುರು ಹಾಸಿನ ಮೇಲೆ ಕುಕ್ಕರ್ಸಿ ಕೂತ್ಕೊಂಡೆ.

"ಇಲ್ನೋಡ್ರಿ ಬೀಗ್ತಿ. ಓದೋದು ಬಿಡಿ, ಕಿವೀಲಿ ಕೇಳಿ. ನಾನು ಅವತ್ತು ಬರ್ದಿದ್ದು, ಬೀಗರೇ, ಊಟ ಆಯ್ತಾ. ಕೇಳಿಸ್ತಾ? ಬೀ-ಗ-ರೇ. ಈ ತಮಿಳಲ್ಲಿ ಅದಕ್ಕೆ ಅಕ್ಷರ ಇಲ್ಲ, ನಿಮ್ಮ ಮನೆ ಹುಡುಗ್ರಿಗೆ ಕಿವಿ ಇಲ್ಲ, ನನ್ನ ಮಗನಿಗೆ ಧೈರ್ಯ ಇಲ್ಲ. ಆ ಫೋನು ನನ್ನ ಬುದ್ಧೀನ ಎಲುಬು ಮಾಡ್ತು. ನಂಗೆ ಯಾವ ಮರೆವೂ ಇಲ್ಲ, ಯಾವ ಡಾಕ್ಟ್ರೂ ಬೇಡ."

"ಅಮ್ಮಾ, ಇಲ್ಲಿ ಬೇಡಮ್ಮಾ" ಅಂದ ಮಗ ಹಿಂದಿಂದ. ಸೀರೆ ಬಿಚ್ತಿದ್ದ ಅಂಗಡಿಯೋನು ಅರ್ಧಕ್ಕೇ ನಿಲ್ಲಿಸ್ದ.

"ಇಲ್ಲೇ ಬೇಕು. ಗ್ರೂಪಲ್ಲಿ ಎಲ್ಲಾರ ಮುಂದೆ ಬರ್ದ್ಯಲ್ಲ, ಈಗ ಎಲ್ಲಾರ ಮುಂದೆ ಹೇಳು. ನನ್ನ ಬುದ್ಧಿ ಸರಿಯಾಗೈತಾ ಇಲ್ವಾ?"

ಅವನು ಅಂಗಡಿಯೋನ್ನ ನೋಡ್ದ, ಬೀಗರನ್ನ ನೋಡ್ದ, ಮಗಳನ್ನ ನೋಡ್ದ. ಮಗಳು ಕೈಕಟ್ಟಿ ನಿಂತಿದ್ಲು.

"ಸರಿಯಾಗೈತೆ" ಅಂದ. "ಸ್ವಲ್ಪ ಜಾಸ್ತೀನೇ ಐತೆ. ನಾನು ಹೇಳಿದ್ದು ಸುಳ್ಳು, ತಪ್ಪು ನಂದೇ."

ನಾನು ಗೆದ್ದೋಳ ಥರ ಬೀಗ್ತಿ ಮುಖ ನೋಡಿದೆ.

"ಕೇಳಿದ್ರಾ? ನಾನ್ ಮಾಡಿದ್ದೆಲ್ಲಾ ಪೂರಾ ಬುದ್ಧಿ ಇಟ್ಕೊಂಡೇ ಮಾಡಿದ್ದು!"

ಅವ್ಳು ಕೈಲಿದ್ದ ಸೀರೆ ಕೆಳಗಿಟ್ಲು. ಅಚ್ಚ ಕನ್ನಡದಲ್ಲಿ, ಇಡೀ ಮಹಡಿಗೆ ಕೇಳೋ ಹಂಗೆ ಅಂದ್ಲು:

"ಹಂಗಾದ್ರೆ ಮೋಸ ಮಾಡ್ಬಿಟ್ಯಲ್ಲೇ! ಪೈತ್ಯ ಹಿಡ್ದಿರೋಳು ಪಾಪ ಅಂತ, ಬಾಯಿಗೆ ಬಂದ ಬೈಗುಳ ಎಲ್ಲಾ ಒಂದ್ ತಿಂಗ್ಳಿಂದ ನುಂಗ್ಕೊಂಡು ಕೂತಿದೀನಿ. ಬುದ್ಧಿ ಸರಿಯಾಗೈತೆ ಅಂತ ಮೊದ್ಲೇ ಹೇಳಕ್ಕೇನಾಗಿತ್ತು? ಬಾ ಇತ್ಲಾಗೆ, ಹತ್ರ ಕೂತ್ಕೋ. ಮೊದ್ಲಿಂದ ಶುರು ಮಾಡ್ತೀನಿ."